ನೂರಕ್ಕೆ ನಾಲ್ಕು ಹೆಚ್ಚು

ಸಾಗರದ ಆ ಕೆತ್ತನೆ ಅಂಗಡಿಯಿಂದ ಫೋನ್ ಬಂದಾಗ ನಾನು ಹೊಸನಗರದ ಒಂದು ಮುದ್ರಣಾಲಯದಲ್ಲಿ ಪ್ರಿಂಟರ್ ರಿಪೇರಿಗೆ ಬಂದು ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದೆ.

“ಮೇಡಂ, ಲ್ಯಾಪ್‌ಟಾಪು ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಿ ಕೂತದೆ. ಮಷೀನು ಅದರ ಮಾತೇ ಕೇಳ್ತಿಲ್ಲ. ದೇವಸ್ಥಾನದ ಬಾಗಿಲವಾಡ ಶುರು ಮಾಡ್ಬೇಕು ಅನ್ನೋ ಹೊತ್ತಿಗೆ ಹಿಂಗಾಗದೆ. ಇವತ್ತೇ ಬರ್ಬೇಕು ನೀವು.”

ಮಷೀನು ಎಂದರೆ ಸಿಎನ್‌ಸಿ. ಲ್ಯಾಪ್‌ಟಾಪಿನಲ್ಲಿ ಬರೆದ ಚಿತ್ರವನ್ನು ಮರದ ಮೇಲೆ ಕೆತ್ತುವ, ಮಂಚದಷ್ಟು ದೊಡ್ಡ ಯಂತ್ರ. ಅಂಗಡಿ ನಡೆಸುವವರು ಮೂವರು. ಫೋನ್ ಮಾಡಿದ ಮಾಲೀಕರು ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. ಅವರ ಹೆಂಡತಿ ಯಂತ್ರ ಓಡಿಸುತ್ತಾರೆ. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಮೂರನೆಯವರು ಮಾಲೀಕರ ಅಣ್ಣ, ಅರವತ್ತು ದಾಟಿದ ಹಿರಿಯರು, ಆ ಮನೆಯಲ್ಲಿ ಉಳಿ ಹಿಡಿದು ಕೆತ್ತಬಲ್ಲ ಕೊನೆಯ ಮನುಷ್ಯ.

ಯಂತ್ರ ಬಂದ ಮೇಲೆ ಹಿರಿಯರ ಪಾಲಿಗೆ ಉಳಿದದ್ದು ಗುಡಿಯ ಬಾಗಿಲುಗಳಿಗೆ ಅಳತೆ ಹೇಳುವುದು, ಅದು ಕೆತ್ತಿ ಬಿಟ್ಟ ಮುಖಗಳಿಗೆ ಕಣ್ಣು ತಿದ್ದುವುದು, ಅಷ್ಟೇ. ಆದರೆ ಈ ಬಾಗಿಲವಾಡ, ಅಂದರೆ ಗರ್ಭಗುಡಿಯ ಬಾಗಿಲ ಚೌಕಟ್ಟು, ಅವರ ಹೆಸರು ಹಿಡಿದು ಬಂದದ್ದು. ಕವಲೇದುರ್ಗದ ಕೆಳಗಿನ ಒಂದು ಊರಿನ ಮೊಕ್ತೇಸರರು ಅಂಗಡಿಗೇ ಬಂದು, “ಅಳತೆ ನಿಮ್ದೇ ಆಗ್ಬೇಕು” ಎಂದು ಹಿರಿಯರ ಕೈಯಲ್ಲಿ ವೀಳ್ಯ ಕೊಟ್ಟು ಹೋಗಿದ್ದರು. ಮರವೂ ಸಾಮಾನ್ಯದ್ದಲ್ಲ. ಗುಡಿಯ ಹಿಂದೆ ಗಾಳಿಗೆ ಬಿದ್ದ ಹಲಸು, ಹಲಗೆ ಕೊಯ್ಯಿಸಿ ಮೂರು ವರ್ಷ ನೆರಳಲ್ಲಿ ಒಣಗಿಸಿದ್ದು. ಬಾಗಿಲವಾಡ ಅದೇ ಮರದ್ದಾಗಬೇಕು, ಅದರಲ್ಲಿ ಒಂದೇ ಚೌಕಟ್ಟು ಆಗುತ್ತದೆ. ಇದು ಚೆನ್ನಾಗಿ ಕೂತರೆ ಆ ಕಡೆಯ ಇನ್ನೂ ಎರಡು ಗುಡಿಯವರು ಹಿರಿಯರನ್ನೇ ಕರೆಸುವವರಿದ್ದರು. ಕೆಟ್ಟರೆ ಯಾರೂ ಕರೆಸುವುದಿಲ್ಲ. ಇದೆಲ್ಲ ನನಗೆ ಮೊದಲ ದಿನವೇ ಅಕ್ಕ ಹೇಳಿದ್ದರು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮೊದಲು ಲ್ಯಾಪ್‌ಟಾಪನ್ನು ಹಿಂದಿನ ಆವೃತ್ತಿಗೆ ತಿರುಗಿಸಲು ನೋಡಿದೆ. ಅಪ್‌ಡೇಟ್ ಆದ ಮೇಲೆ ಹಳೆಯ ಫೈಲುಗಳು ಕೆಲವು ದಿನ ಒಂದು ಫೋಲ್ಡರಿನಲ್ಲಿ ಉಳಿದಿರುತ್ತವೆ. ಮಾಲೀಕರು ಜಾಗ ಸಾಲುತ್ತಿಲ್ಲವೆಂದು ಅದನ್ನೇ ಅಳಿಸಿದ್ದರು.

“ಅಷ್ಟು ದೊಡ್ಡ ಫೋಲ್ಡರ್ರು, ಹೆಸರಲ್ಲೇ ಹಳೇದು ಅಂತ ಇತ್ತು. ಕಸ ಅಂದ್ಕೊಂಡೆ.”

“ಮನೇಲಿರೋ ಹಳೇದೆಲ್ಲ ಇವ್ರಿಗೆ ಕಸಾನೇ” ಎಂದರು ಅಕ್ಕ, ಗಂಡನ ಕಡೆ ನೋಡದೆ.

ಯಂತ್ರ ಓಡಿಸುವ ತಂತ್ರಾಂಶದ ಹಳೆಯ ಆವೃತ್ತಿ ಹೊಸ ವ್ಯವಸ್ಥೆಯಲ್ಲಿ ಕೂರಲಿಲ್ಲ. ಹೊಸ ಆವೃತ್ತಿ ಕೂತಿತು, ಆದರೆ ಯಂತ್ರದ ಒಳಗಿನ ನಿಯಂತ್ರಣ ಬೋರ್ಡಿನ ಹಳೆಯ ಫರ್ಮ್‌ವೇರಿನೊಂದಿಗೆ, ಅಂದರೆ ಬೋರ್ಡಿನೊಳಗೇ ಬರೆದಿಟ್ಟ ಆದೇಶಗಳೊಂದಿಗೆ, ಮಾತಾಡಲಿಲ್ಲ. ಎರಡು ನಿಮಿಷ ಓಡಿ, ಸಂಪರ್ಕ ಕಳೆದುಕೊಂಡು, ಕೆತ್ತುವ ಬಿಟ್ಟನ್ನು ಮರದಲ್ಲೇ ಚುಚ್ಚಿಕೊಂಡು ನಿಲ್ಲುತ್ತಿತ್ತು. ಉಳಿದಿದ್ದು ಎರಡು ದಾರಿ. ಎಲ್ಲಿಂದಲಾದರೂ ಹಳೆಯ ಲ್ಯಾಪ್‌ಟಾಪ್ ತಂದು, ದೇವಸ್ಥಾನದ ಕೆಲಸ ಮುಗಿಸಿಕೊಂಡು, ಬೋರ್ಡಿನ ವಿಚಾರ ಆಮೇಲೆ ನೋಡುವುದು. ಇಲ್ಲವೇ ಬೋರ್ಡಿನ ಫರ್ಮ್‌ವೇರನ್ನೂ ಈಗಲೇ ಹೊಸದು ಮಾಡುವುದು.

“ನಮ್ಮ ಹಳೇ ಲ್ಯಾಪ್‌ಟಾಪು ಅಟ್ಟದ ಮೇಲದೆ. ತೆಗ್ದು ಕೊಡ್ಲಾ?” ಎಂದು ಕೇಳಿದರು ಅಕ್ಕ.

“ಅದರ ಬ್ಯಾಟರಿ ಉಬ್ಬಿ ಸ್ಫೋಟ ಆಗೋ ಹಂಗಿರತ್ತೆ. ಕೆಲಸ ಮಾಡಿದ್ರೆ ಪೂರ್ತಿ ಮಾಡ್ಬೇಕು ಅಕ್ಕ” ಎಂದೆ. ಅಟ್ಟದ ಮೇಲಿನ ಲ್ಯಾಪ್‌ಟಾಪನ್ನು ನಾನು ನೋಡಿಯೇ ಇರಲಿಲ್ಲ. ಬ್ಯಾಟರಿ ತೆಗೆದಿಟ್ಟು ಚಾರ್ಜರಿನಲ್ಲೇ ಓಡಿಸಬಹುದೆಂದೂ ಗೊತ್ತಿತ್ತು. ಆದರೆ ಖಚಿತ ದನಿಯಲ್ಲಿ ಹೇಳಿದರೆ ಜನ ನೋಡಿಯೇ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತ ವಿದ್ಯೆ ಅದು.

ಬೋರ್ಡಿನ ಎಲ್ಲ ಹೊಂದಾಣಿಕೆಗಳ, ಅಂದರೆ ಸೆಟ್ಟಿಂಗುಗಳ, ಪಟ್ಟಿಯನ್ನು ಒಂದು ಪಠ್ಯ ಫೈಲಿಗೆ ಇಳಿಸಿಕೊಂಡೆ. ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದೆ. ಹೊಸ ಫರ್ಮ್‌ವೇರ್ ಬರೆಯತೊಡಗಿದಾಗ ಅರ್ಧಕ್ಕೇ ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಬೋರ್ಡಿಗೆ ಇರಲಿಲ್ಲ. ಯುಪಿಎಸ್ ಗೋಡೆಯ ಆ ಬದಿಯಲ್ಲಿತ್ತು, ವೈರು ಎಳೆಯಲು ಬೇಸರವಾಗಿ ನಾನು ಹಾಕಿರಲಿಲ್ಲ. ಕರೆಂಟು ಬಂದ ಮೇಲೆ ಬೋರ್ಡಿನ ದೀಪ ಉರಿಯಿತು, ಅಷ್ಟೇ. ಏನು ಕೇಳಿದರೂ ಉತ್ತರವಿಲ್ಲ.

“ಸತ್ತೋಯ್ತಾ?” ಎಂದರು ಮಾಲೀಕರು.

“ಪ್ರಜ್ಞೆ ತಪ್ಪಿದೆ” ಎಂದೆ.

ಮರುದಿನ ಮನೆಯಿಂದ ಪ್ರೋಗ್ರಾಮರ್ ಎಂಬ ಬೆರಳುದ್ದದ ಸಾಧನ ತಂದು, ಬೋರ್ಡಿನ ಆರು ಪಿನ್ನುಗಳಿಗೆ ನೇರ ತಂತಿ ಕೊಟ್ಟು, ಮೊದಲಿನಿಂದ ಬರೆದೆ. ಮೂರನೆಯ ಪ್ರಯತ್ನಕ್ಕೆ ಎಚ್ಚರವಾಯಿತು. ಈ ಗದ್ದಲದಲ್ಲಿ ಅದರ ನೆನಪೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗಿತ್ತು. ಫೈಲು ನನ್ನಲ್ಲಿತ್ತು. ಒಂದೊಂದೇ ಸಾಲು ನೋಡಿ ತುಂಬುತ್ತ ಹೋದೆ.

ಮೂರು ಸಾಲುಗಳ ಮುಂದೆ ನಿಂತೆ. ಒಂದು ಮಿಲಿಮೀಟರ್ ಚಲಿಸಲು ಮೋಟಾರು ಎಷ್ಟು ಹೆಜ್ಜೆ ತಿರುಗಬೇಕು ಎಂದು ಹೇಳುವ ಸಾಲುಗಳು ಅವು. ಯಂತ್ರದ ಸ್ಕ್ರೂ ಒಂದು ಸುತ್ತಿಗೆ ಐದು ಮಿಲಿಮೀಟರ್ ಸಾಗುತ್ತದೆ, ಮೋಟಾರು ಒಂದು ಸುತ್ತಿಗೆ ಸಾವಿರದ ಆರುನೂರು ಹೆಜ್ಜೆ ಹಾಕುತ್ತದೆ. ಭಾಗಿಸಿದರೆ ಮುನ್ನೂರ ಇಪ್ಪತ್ತು. ಕೈಪಿಡಿಯೂ ಅದನ್ನೇ ಹೇಳುತ್ತದೆ. ಫೈಲಿನಲ್ಲಿ ಮೂರೂ ಸಾಲಿಗೆ 333.858 ಎಂದಿತ್ತು.

ಹಳೆಯ ಸಂಖ್ಯೆಯನ್ನೇ ಹಾಕಿ, ನೂರು ಮಿಲಿಮೀಟರ್ ಹೋಗು ಎಂದೆ. ಸ್ಟೀಲ್ ಸ್ಕೇಲಿಟ್ಟು ನೋಡಿದರೆ ನೂರನಾಲ್ಕು ದಾಟಿತ್ತು. ಎಲ್ಲರನ್ನೂ ಕರೆದೆ.

“ಸರ್, ನಿಮ್ಮ ಮಷೀನು ಇಷ್ಟು ವರ್ಷ ಸುಳ್ಳು ಹೇಳ್ತಿತ್ತು. ನೂರಕ್ಕೆ ನಾಲ್ಕು ಹೆಚ್ಚು.”

“ಅದಕ್ಕೇ ಮತ್ತೆ!” ಮಾಲೀಕರು ತೊಡೆ ತಟ್ಟಿದರು. “ಆ ಹೋಟ್ಲಿನೋರು ಫೈಲ್ ಕಳ್ಸಿ ಮಾಡ್ಸಿದ ಮರದ ಜಾಲರಿ ಅವರ ಚೌಕಟ್ಟಲ್ಲಿ ಕೂರ್ಲೇ ಇಲ್ಲ, ವಾಪಸ್ ಬಂತು. ನಾನು ಮರಕ್ಕೆ ಬೈದೆ.”

“ನಂಗೂ ಬೈದ್ರಿ” ಎಂದರು ಅಕ್ಕ.

ಹಿರಿಯರು ಮೂಲೆಯಲ್ಲಿ ಕೂತು ಒಂದು ಗಣಪತಿಯ ಸೊಂಡಿಲು ನಯ ಮಾಡುತ್ತಿದ್ದರು. ಉಳಿ ಕೆಳಗಿಟ್ಟರು.

“ಅದನ್ನ ಮುಟ್ಬೇಡ ತಂಗಿ. ಮಷೀನು ಬಂದಾಗ ನಾನೇ ಪಕ್ಕದಲ್ಲಿ ನಿಂತು ಹೊಂದ್ಸಿದ್ದು.”

“ಎಂತಕ್ಕೆ ಹೊಂದ್ಸಿದ್ರಿ?”

“ಕೋಲಿಗೆ.”

ಗೋಡೆಯ ಮೇಲೆ ಎರಡು ಮೊಳೆಗಳ ನಡುವೆ ಒಂದು ಕಪ್ಪು ಕೋಲು ಮಲಗಿತ್ತು. ಎರಡೂ ತುದಿಗೆ ಹಿತ್ತಾಳೆಯ ಬಳೆ, ಉದ್ದಕ್ಕೂ ಇಪ್ಪತ್ತನಾಲ್ಕು ಅಂಗುಲಕ್ಕೆ ಗೆರೆ. ಆ ಮನೆಯವರು ಗುಡಿಗಳ ಕೆಲಸವನ್ನೆಲ್ಲ ಅದರಿಂದಲೇ ಅಳೆಯುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಗೊತ್ತಾದದ್ದೇ ನನಗೆ ನಗು ತರಿಸಿತು.

“ಅದರ ಒಂದು ಅಂಗುಲ ಅಂದ್ರೆ ಎಷ್ಟು ಮಿಲಿಮೀಟರ್?”

“ಅಂಗುಲ ಅಂದ್ರೆ ಅಂಗುಲ. ಮಿಲಿಮೀಟರ್ ನಂಗೆ ಗೊತ್ತಿಲ್ಲ.”

“ಗೊತ್ತಿಲ್ಲದ್ದಕ್ಕೆ ಒಂದು ಮಷೀನನ್ನ ಹೊಂದಿಸೋದು ಹೆಂಗೆ? ಹೋಗ್ಲಿ ಬಿಡಿ. ಮಳೆಗಾಲದಲ್ಲಿ ಮರ ಉಬ್ತದಾ ಇಲ್ವಾ?”

“ಉಬ್ತದೆ.”

“ಬೇಸಿಗೇಲಿ?”

“ಕುಗ್ತದೆ.”

“ಆ ಕೋಲು ಮರದ್ದೇ ತಾನೇ?”

ಮಾಲೀಕರು ಜೋರಾಗಿ ನಕ್ಕರು. “ಸಿಕ್ಕಾಕೊಂಡ್ಯಲ್ಲ ಅಣ್ಣಾ!”

ಆ ನಗುವಿನ ಅಡಿಯಲ್ಲಿ ಹಿರಿಯರು ಏನೋ ಅಂದರು. ನನಗೆ ಕೇಳಿಸಿತು. “ಉದ್ದಕ್ಕೆ ಉಬ್ಬಲ್ಲ” ಎಂದಿದ್ದರು. ಮರ ಅಗಲಕ್ಕೆ ಉಬ್ಬುತ್ತದೆ, ನಾರಿನ ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲದಷ್ಟು. ನನ್ನ ವಾದದ ಬುಡವೇ ಸುಳ್ಳು. ಎದುರಾಳಿಯ ಒಳ್ಳೆಯ ಅಂಶ ಸಭೆಗೆ ಕೇಳಿಸದಿದ್ದರೆ ನೀವಾಗಿ ಅದನ್ನು ಎತ್ತಬಾರದು. ನಾನು ಎತ್ತಲಿಲ್ಲ.

“ಈ ಸ್ಕೇಲು ಸ್ಟೀಲಿನದು. ಇದಕ್ಕೆ ಮಳೇನೂ ಗೊತ್ತಿಲ್ಲ, ದೇವರೂ ಗೊತ್ತಿಲ್ಲ” ಎಂದೆ. ಮಾಲೀಕರು ಇನ್ನೊಮ್ಮೆ ನಕ್ಕರು.

ತಂತ್ರಾಂಶದಲ್ಲಿ ಎರಡು ಬೇರೆ ಬೇರೆ ಹೊಂದಾಣಿಕೆ ಇಟ್ಟುಕೊಳ್ಳಬಹುದಿತ್ತು: ಹೋಟೆಲಿನ ಜಾಲರಿಗೊಂದು, ಗುಡಿಯ ಕೆಲಸಕ್ಕೊಂದು. ಹತ್ತು ನಿಮಿಷದ ಕೆಲಸ. ಅದು ಆಗಲೇ ತಲೆಗೆ ಬಂದಿತ್ತು ಕೂಡ. ಆದರೆ ಹಾಗೆ ಮಾಡಿದರೆ ಹಿರಿಯರ ಮಾತಿನಲ್ಲೂ ಹುರುಳಿದೆ ಎಂದು ಒಪ್ಪಿದಂತಾಗುತ್ತಿತ್ತು.

“320 ಹಾಕ್ಲಾ ಸರ್?”

“ಹಾಕಿ ಮೇಡಂ, ಹಾಕಿ. ಕೋಲು ಗೂಟ ಅಂತ ಇನ್ನೆಷ್ಟು ದಿನ.”

ಹಾಕಿದೆ. ನೂರು ಎಂದರೆ ನೂರೇ ಹೋಯಿತು. ಅಕ್ಕ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು.

“ತಂಗಿ, ಭಾವ ಅಂಗುಲದಲ್ಲಿ ಹೇಳಿದ್ದನ್ನ ನಾನು ಕಂಪ್ಯೂಟರಲ್ಲಿ ಇಂಚು ಅಂತ ಹಾಕ್ತಿದ್ದೆ. ಈಗ್ಲೂ ಹಂಗೇ ಹಾಕ್ಲಾ?”

ಇಡೀ ಪ್ರಕರಣ ಆ ಒಂದು ಪ್ರಶ್ನೆಯಲ್ಲಿತ್ತು. ಅಂಗುಲವನ್ನು ಇಂಚೆಂದು ಹಾಕಿಯೂ ಇಷ್ಟು ವರ್ಷ ಬಾಗಿಲುಗಳು ಸರಿಯಾಗಿ ಕೂತದ್ದು ಹೇಗೆ ಎಂದು ನಾನು ಕೇಳಬೇಕಿತ್ತು.

“ಹಂಗೇ ಹಾಕಿ ಅಕ್ಕ. ಇನ್ಮೇಲೆ ಇಂಚು ಅಂದ್ರೆ ಇಂಚೇ ಬರತ್ತೆ.”

ಹಿರಿಯರು ಎದ್ದು ಕೋಲನ್ನು ಬಟ್ಟೆಯಿಂದ ಒರೆಸಿ ಮತ್ತೆ ಮೊಳೆಗಳ ಮೇಲಿಟ್ಟರು. ಅಂಗುಲದ ಗುರುತು ಹಾಕಿದ ಒಂದು ಸುತ್ತು ಅಳತೆದಾರ ಚೀಲದಲ್ಲಿತ್ತು, ಅದನ್ನು ಹೆಗಲಿಗೇರಿಸಿದರು. ಗುಡಿಯಲ್ಲಿ ಕಲ್ಲಿನವರು ಹೊಸ್ತಿಲ ಕಲ್ಲು ಕೂರಿಸುತ್ತಿದ್ದರು, ಎರಡು ದಿನ ಅಲ್ಲಿರಬೇಕಿತ್ತು. ಹೊಸನಗರದ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು ತಮ್ಮನಿಗೆ, “ನಾನು ಬರೋವರೆಗೆ ಹಲಸನ್ನ ಮಷೀನಿಗೆ ಹತ್ತಿಸ್ಬೇಡ” ಎಂದರು. ನನ್ನ ಕಡೆ ನೋಡಲಿಲ್ಲ.

ಮಾಲೀಕರು ಮರುದಿನ ಬೆಳಿಗ್ಗೆಯೇ ಹತ್ತಿಸಿದರು. ಮಷೀನು ನಿಂತು ಮೂರು ನಾಲ್ಕು ದಿನ ಕಳೆದಿತ್ತು, ಮೊಕ್ತೇಸರರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ಮಾಲೀಕರು ನನಗೂ ಒಂದು ಫೋಟೋ ಕಳಿಸಿದರು: ಹಲಸಿನ ಹಳದಿ ಮೈಮೇಲೆ ಬಳ್ಳಿ, ಹಂಸ, ಕೆಳಗೆ ಕಲಶ. ಎಲ್ಲೂ ಒಂದು ಸಿಬಿರೂ ಎದ್ದಿರಲಿಲ್ಲ. ಹೊಸ ಫರ್ಮ್‌ವೇರಿನಲ್ಲಿ ಮೋಟಾರು ಎಷ್ಟು ನಯವಾಗಿ ತಿರುಗುತ್ತಿದೆಯೆಂದು ಮೆಚ್ಚಿ ನಾನು ಹೆಬ್ಬೆರಳಿನ ಚಿತ್ರ ಕಳಿಸಿದೆ. ಆ ಹೊತ್ತಿಗೆ ಎರಡೂ ಪಕ್ಕದ ಕಂಬಗಳು, ಮೇಲಿನ ಅಡ್ಡಪಟ್ಟಿ ಎಲ್ಲ ಕೊಯ್ದಾಗಿತ್ತು.

ಎರಡು ದಿನ ಬಿಟ್ಟು ಮಾಲೀಕರು ಫೋನು ಮಾಡಿದರು. ಈ ಸಲ ಮೇಡಂ ಇಲ್ಲ, ನಮಸ್ಕಾರವಿಲ್ಲ. “ಬನ್ನಿ. ಮಷೀನು ಚೆಕ್ ಮಾಡಿ.”

ಅಂಗಡಿಯಲ್ಲಿ ಅಕ್ಕ ಒಬ್ಬರೇ ಇದ್ದರು. ಹಿರಿಯರು ಬಸ್ಸಿಳಿದು ನೇರ ಬಂದು ಕಂಬದ ಮೇಲೆ ಕೋಲಿಟ್ಟರಂತೆ. ಮೂರು ಕೋಲು, ಅಂದರೆ ಎಪ್ಪತ್ತೆರಡು ಅಂಗುಲ ಬರಬೇಕಾದ್ದು ಅರವತ್ತೊಂಬತ್ತು ಬಂತಂತೆ. ಇನ್ನೊಮ್ಮೆ ಇಟ್ಟರಂತೆ. ಆಮೇಲೆ ಒಳಗೆ ಹೋಗಿ ಮಲಗಿದವರು ಇನ್ನೂ ಎದ್ದಿರಲಿಲ್ಲ.

“ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತು” ಎಂದರು ಅಕ್ಕ.

ನಾನು ಯಂತ್ರವನ್ನು ಪರೀಕ್ಷಿಸಿದೆ. ನೂರಕ್ಕೆ ನೂರು, ಐನೂರಕ್ಕೆ ಐನೂರು. ದೋಷವಿಲ್ಲ. ಆಮೇಲೆ ಅಕ್ಕ ಚಹಾ ಮಾಡಲು ಒಳಗೆ ಹೋದಾಗ, ಗೋಡೆಯ ಮೇಲಿನ ಕೋಲಿಗೆ ನನ್ನ ಸ್ಟೀಲ್ ಟೇಪು ಹಿಡಿದೆ. ಬಳೆಯಿಂದ ಬಳೆಗೆ ಆರುನೂರ ಮೂವತ್ತಾರು ಮಿಲಿಮೀಟರ್. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಒಂದು ಅಂಗುಲ ಇಪ್ಪತ್ತಾರೂವರೆ. ಇಂಚು ಇಪ್ಪತ್ತೈದು ಪಾಯಿಂಟ್ ನಾಲ್ಕು. ಮೊಬೈಲಿನಲ್ಲಿ ಲೆಕ್ಕ ಹಾಕಿದೆ: ಇಪ್ಪತ್ತಾರೂವರೆಯನ್ನು ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಭಾಗಿಸಿ, ಮುನ್ನೂರ ಇಪ್ಪತ್ತರಿಂದ ಗುಣಿಸಿದರೆ ಬಂದದ್ದು 333.858. ಕೊನೆಯ ಅಂಕಿಯವರೆಗೂ ಅದೇ.

ಯಂತ್ರ ಸುಳ್ಳು ಹೇಳಿರಲಿಲ್ಲ. ಯಾರೋ ಒಬ್ಬ ಒಳ್ಳೆಯ ಮೆಕ್ಯಾನಿಕ್ ಹಿರಿಯರ ಪಕ್ಕ ನಿಂತು, ಕೋಲು ನೋಡಿ, ಪರದೆಯ ಮೇಲಿನ ಒಂದು ಇಂಚು ಮರದ ಮೇಲೆ ಆ ಮನೆಯ ಒಂದು ಅಂಗುಲವಾಗುವಂತೆ ಅದನ್ನು ಹೊಂದಿಸಿ ಹೋಗಿದ್ದ. ಅದಕ್ಕೇ ಅಕ್ಕ ಏನನ್ನೂ ಗುಣಿಸದೆ, ಭಾವ ಹೇಳಿದ ಸಂಖ್ಯೆಯನ್ನೇ ಒತ್ತುತ್ತಿದ್ದರು. ಆ ಏರ್ಪಾಡಿನಲ್ಲಿ ತಪ್ಪಿದ್ದದ್ದು ಒಂದೇ: ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಚಹಾ ಕುಡಿದು, ಏನೂ ಹೇಳದೆ ಬಂದೆ.

ಮರುದಿನ ಗುಡಿಯಲ್ಲಿ ಸೇರಬೇಕೆಂದು ಮೊಕ್ತೇಸರರು ಹೇಳಿಕಳಿಸಿದ್ದರು. ಕಂಬಗಳನ್ನು ಹೇರಿದ ಗೂಡ್ಸ್ ಗಾಡಿಯ ಹಿಂದೆ ಮಾಲೀಕರ ವ್ಯಾನು. ಹಿರಿಯರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಹೊಸನಗರ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಿ, ಅಣ್ಣನ್ನ ನಾನು ಬಿಟ್ಟು ಹಾಕಲ್ಲ. ಮನೇಲಿ ಅನ್ನ ಇದ್ದೇ ಇರ್ತದೆ. ಆದ್ರೆ ಮಷೀನು ತಪ್ಪು ಅಂತ ಆದ್ರೆ ನಾಳೆ ಒಬ್ರೂ ಆರ್ಡರ್ ಕೊಡಲ್ಲ. ನೀವು ಮಷೀನಿನ ವಿಷ್ಯ ಮಾತ್ರ ಹೇಳಿ. ಸತ್ಯಾನೇ ಹೇಳಿ, ಸುಳ್ಳು ಬೇಡ.”

“ಸುಳ್ಳು ನಾನು ಹೇಳಲ್ಲ ಸರ್” ಎಂದೆ.

ಕಂಬವನ್ನು ಕಲ್ಲಿನ ಬಾಗಿಲ ಬಾಯಿಯಲ್ಲಿ ನಿಲ್ಲಿಸಿದರು. ಕೆತ್ತನೆ ನೋಡಿದವರೆಲ್ಲ ಹತ್ತಿರ ಬಂದು ಬಳ್ಳಿಯನ್ನು ಮುಟ್ಟಿ ನೋಡಿದರು, ಅಷ್ಟು ಚೆನ್ನಾಗಿತ್ತು. ಕಂಬದ ನೆತ್ತಿಗೂ ಮೇಲಿನ ಕಲ್ಲಿಗೂ ನಡುವೆ ಮುಷ್ಟಿ ಹೋಗುವಷ್ಟು ಸಂದಿತ್ತು. ಕಲ್ಲಿನವನೊಬ್ಬ ನಿಜವಾಗಿಯೂ ತನ್ನ ಮುಷ್ಟಿ ತೂರಿಸಿ ತೋರಿಸಿದ.

“ತುಂಡು ಸೇರ್ಸಿ ಎತ್ತರ ಮಾಡ್ಬಹುದಾ?” ಯಾರೋ ಕೇಳಿದರು.

“ಗರ್ಭಗುಡಿಗೆ ತೇಪೆಯಾ?” ಎಂದರು ಮೊಕ್ತೇಸರರು. ಎಪ್ಪತ್ತರ ಆಸುಪಾಸಿನ, ಮೃದು ದನಿಯ ಮನುಷ್ಯ. ನನ್ನ ಕಡೆ ತಿರುಗಿದರು. “ಕಲ್ಲಿಗೆ ಅಳತೆ ಕೊಟ್ಟಿದ್ದೂ ಇವ್ರೇ, ಮರಕ್ಕೆ ಕೊಟ್ಟಿದ್ದೂ ಇವ್ರೇ. ಎರಡೂ ಕೂಡ್ತಿಲ್ಲ. ನೀವು ಓದಿದೋರು, ಹೇಳಿ. ತಪ್ಪು ಮಷೀನಿಂದಾ, ಮನುಷ್ಯಂದಾ?”

“ಮಷೀನಲ್ಲಿ ದೋಷ ಇಲ್ಲ.”

“ಪರೀಕ್ಷೆ ಮಾಡಿದ್ರಾ?”

“ಮಾಡಿದೀನಿ. ಮಿಲಿಮೀಟರೂ ತಪ್ಪಲ್ಲ.”

ಹಿರಿಯರು ಅಲ್ಲಿಯವರೆಗೆ ಕಂಬದ ಬಳ್ಳಿಯ ಮೇಲೆ ಬೆರಳಾಡಿಸುತ್ತ ನಿಂತಿದ್ದರು. ಈಗ ತಿರುಗಿ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಹಾಯ ಕೇಳುವವರ ಮುಖ ಅದು.

“ಮೊದ್ಲು ಹೆಂಗಿತ್ತು ಹೇಳು ತಂಗಿ. ನೀನು ಕೈ ಹಾಕೋಕ್ಕಿಂತ ಮುಂಚೆ.”

ಬಹುಶಃ ಆ ಕೋಲಿನ ಅಳತೆ ಯಂತ್ರದೊಳಗೆ ಎಲ್ಲೋ ಇತ್ತು, ಅದು ನನಗೆ ಗೊತ್ತು, ನಾನು ಹೇಳುತ್ತೇನೆ ಎಂದು ಅವರು ನಂಬಿದ್ದರು. ಅವರ ಬಳಿ ಪದಗಳಿರಲಿಲ್ಲ. ನನ್ನ ಬಳಿ ಇದ್ದವು. ಮೊಬೈಲಿನಲ್ಲಿ ಲೆಕ್ಕ ಇನ್ನೂ ತೆರೆದೇ ಇತ್ತು.

“ಮೊದ್ಲು ನೂರಕ್ಕೆ ನಾಲ್ಕು ಹೆಚ್ಚು ಹೋಗ್ತಿತ್ತು” ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಮೊಕ್ತೇಸರರು ನಿಧಾನಕ್ಕೆ ಹಿರಿಯರ ಕಡೆ ತಿರುಗಿದರು. “ಹಂಗಾರೆ ಇಷ್ಟು ವರ್ಷ ನೀವು ಮಾಡಿಕೊಟ್ಟ ಬಾಗ್ಲೆಲ್ಲಾ...?”

ಆ ಚೌಕಟ್ಟು ಮಾತ್ರವಲ್ಲ, ಹಿರಿಯರು ಯಂತ್ರ ಬಂದಂದಿನಿಂದ ಕೂರಿಸಿದ ಪ್ರತಿ ಬಾಗಿಲೂ ಆ ಅಂಗಳದಲ್ಲಿ ಒಂದೇ ಉಸಿರಿಗೆ ಅನುಮಾನಕ್ಕೆ ಬಿತ್ತು. ನಾನು ಅವರ ಈ ಕೆಲಸವನ್ನಷ್ಟೇ ಅಲ್ಲ, ಹಿಂದಿನ ಕೆಲಸಗಳನ್ನೂ ಹಾಳುಮಾಡಿದ್ದೆ. ತಡೆಯಲು ನನ್ನಿಂದ ಒಂದೇ ವಾಕ್ಯ ಸಾಕಿತ್ತು. ಹೇಳಿದ್ದರೆ ತಪ್ಪು ನನ್ನದಾಗುತ್ತಿತ್ತು. ಹೇಳದಿರಲು ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಕಂಬವನ್ನು ಗಾಡಿಗೆ ಏರಿಸುವಾಗ ಒಂದು ಬದಿಗೆ ಹಿರಿಯರು ತಾವೇ ಹೆಗಲು ಕೊಟ್ಟರು. ಬಳ್ಳಿ ಉಜ್ಜಬಾರದೆಂದು ಕೆಳಗೆ ಗೋಣಿಚೀಲ ಹಾಕಿಸಿದರು.

ಮೊಕ್ತೇಸರರು ಬೇರೆ ಊರಿನಿಂದ ಕಲ್ಲಿನದೇ ಚೌಕಟ್ಟು ತರಿಸಿದರು. ಕರೆಸುತ್ತೇವೆ ಎಂದಿದ್ದ ಇನ್ನೆರಡು ಗುಡಿಯವರಿಂದ ಫೋನ್ ಬರಲಿಲ್ಲ. ಹೊಸನಗರದ ಕಡೆಯ ಒಂದು ದೇವಸ್ಥಾನದವರು ಹಿರಿಯರು ಐದು ವರ್ಷದ ಹಿಂದೆ ಕೂರಿಸಿದ ಬಾಗಿಲಿಗೆ ಟೇಪು ಹಿಡಿಸಿ, ಇಂಚಿನಲ್ಲಿ ಲೆಕ್ಕ ಹಾಕಿಸಿ, ಆಯ ಕೂಡುವುದಿಲ್ಲವೆಂದು ಕೀಳಿಸಿದರು. ಆಯದಲ್ಲಿ, ಅಂದರೆ ಬಾಗಿಲ ಅಳತೆಯಿಂದ ಶುಭ ಅಶುಭ ಎಣಿಸುವುದರಲ್ಲಿ, ನನಗೆ ಆಗಲೂ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೆ ಅಂಗುಲದಲ್ಲಿ ಕೂಡಿದ ಲೆಕ್ಕವನ್ನು ಇಂಚಿನಲ್ಲಿ ಎಣಿಸಿ ತಪ್ಪೆನ್ನುವುದು ಮೂಢನಂಬಿಕೆಯಲ್ಲ. ಅದು ನಾನು ಕಲಿಸಿಕೊಟ್ಟ ವಿಧಾನ.

ತಿಂಗಳಾದ ಮೇಲೆ ನಾನು ಮಾತಾಡಲು ಹೊರಟೆ. ಮೊದಲು ಮೊಕ್ತೇಸರರ ಮನೆಗೆ ಹೋಗಿ, ಕಾಗದದ ಮೇಲೆ ಎಲ್ಲ ಲೆಕ್ಕ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ನೋಡಿದರು.

“ಹೌದಾ? ಪಾಪ” ಎಂದರು. “ಆದ್ರೆ ಈಗ ಪ್ರತಿಷ್ಠೆನೂ ಆಗಿಹೋಯ್ತು. ಕಲ್ಲಿಂದು ಚೆನ್ನಾಗೇ ಕೂತದೆ. ಎಂತ ಮಾಡೋದು ಹೇಳಿ.” ಕಾಗದ ಮಡಚಿ ನನ್ನ ಕೈಗೇ ಕೊಟ್ಟರು.

ಅಲ್ಲಿಂದ ಸಾಗರಕ್ಕೆ. ಅಕ್ಕ ಯಂತ್ರದ ಮುಂದಿದ್ದರು. ಹೋಟೆಲಿನ ಜಾಲರಿಗಳು ಈಗ ಚೌಕಟ್ಟಿನಲ್ಲಿ ಕೂರುತ್ತಿದ್ದವು, ಹೊಸ ಆರ್ಡರುಗಳು ಬಂದಿದ್ದವು. ನಾನು ಹೇಳುವುದನ್ನೆಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸದೆ ಕೇಳಿದರು.

“ಲೆಕ್ಕ ನಂಗೆ ಅರ್ಥ ಆಗಲ್ಲ ತಂಗಿ. ಭಾವ ಮೂರಂಗುಲ ತಪ್ಪೋರಲ್ಲ ಅನ್ನೋದು ಮಾತ್ರ ಗೊತ್ತಿತ್ತು. ಈ ಮನೇಲಿ ಎಲ್ರಿಗೂ ಗೊತ್ತಿತ್ತು. ಹೇಳಿದ್ರೆ ನಂಬೋ ಬಾಯಿ ನಿಂದೊಂದೇ ಇತ್ತು.” ಒಂದು ಜಾಲರಿ ಎತ್ತಿ ಪಕ್ಕಕ್ಕಿಟ್ಟು, “ಹಿಂದಿನ ಶೆಡ್ಡಲ್ಲಿದಾರೆ, ಹೋಗು. ಹೇಳ್ಲೇಬೇಕು ಅಂತ ನಿಂಗೆ ಇದ್ರೆ ಹೇಳು” ಎಂದರು.

ಹಿರಿಯರು ಶೆಡ್ಡಿನಲ್ಲಿ ಜಾಲರಿಗಳಿಗೆ ಸ್ಯಾಂಡರ್ ಹಿಡಿಯುತ್ತಿದ್ದರು. ಕೈಯಂತ್ರಕ್ಕೆ ಮರಳು ಕಾಗದ ಸಿಕ್ಕಿಸಿ ಮೇಲ್ಮೈ ನಯ ಮಾಡುವ ಕೆಲಸ. ಯಾರು ಬೇಕಾದರೂ ಮಾಡಬಹುದು. ರೆಪ್ಪೆ, ಹುಬ್ಬು, ಕಿವಿಯ ಮೇಲೆಲ್ಲ ಧೂಳು. ನನ್ನನ್ನು ಕಂಡು ಯಂತ್ರ ನಿಲ್ಲಿಸಿ, ಮುಖದ ಬಟ್ಟೆ ಕೆಳಗಿಳಿಸಿದರು. ಕೂರಲು ಒಂದು ಹಲಗೆ ತೋರಿಸಿದರು. ನಾನು ನಿಂತೇ ಹೇಳಿದೆ. ಆರುನೂರ ಮೂವತ್ತಾರು, ಇಪ್ಪತ್ತಾರೂವರೆ, ಇಂಚು, ಅಂಗುಲ. ನಿಮ್ಮ ಅಳತೆ ಸರಿಯಿತ್ತು, ನಾನು ಬದಲಾಯಿಸಿದ್ದೇ ತಪ್ಪು, ಉದ್ದಕ್ಕೆ ಉಬ್ಬಲ್ಲ ಎಂದು ನೀವು ಹೇಳಿದ್ದು ನನಗೆ ಕೇಳಿಸಿತ್ತು. ಎಲ್ಲವನ್ನೂ ಹೇಳಿದೆ.

ಅವರು ಅಂಗೈಯ ಧೂಳನ್ನು ಪಂಚೆಗೆ ಒರೆಸಿಕೊಂಡರು.

“ಗುಡಿ ಅಂಗಳದಲ್ಲಿ ನಾನು ಕೇಳಿದ್ನಲ್ಲ, ಅವತ್ತು ನಿಂಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು.”

ತಲೆಯಾಡಿಸಿದರು, ಸಂತೆಯಲ್ಲಿ ದರ ಕೇಳಿ ಮುಂದೆ ಹೋಗುವವರ ಹಾಗೆ. ಬಟ್ಟೆಯನ್ನು ಮತ್ತೆ ಮೂಗಿನ ಮೇಲೆಳೆದುಕೊಂಡು ಸ್ಯಾಂಡರಿನ ಗುಂಡಿ ಒತ್ತಿದರು. ಶೆಡ್ಡು ತುಂಬ ಆ ಸದ್ದು. ನಾನು ಇನ್ನೂ ಎರಡು ಮೂರು ವಾಕ್ಯ ಹೇಳಿದೆ. ಏನು ಹೇಳಿದೆನೋ, ನನಗೇ ಕೇಳಿಸಲಿಲ್ಲ.